ಎಲ್ಲೆ ಬರೆಯಲಾಗದ ದತ್ತಿಗಳು: ಸೀಬೋಮ್ ಪುಸ್ತಕದ ಒಂದು ಮರುಓದು

ನಮ್ಮ ಪಹಣಿಗಳಲ್ಲಿ ಜಮೀನಿನ ವಿಸ್ತೀರ್ಣ ಎಕರೆ-ಗುಂಟೆಯಲ್ಲಿ ಇರುತ್ತದೆ. ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ. ಅಂಥ 40 ಗುಂಟೆ ಸೇರಿದರೆ ಒಂದು ಎಕರೆ. ಈ 33 ಎಲ್ಲಿಂದ ಬಂತು ಅಂತ ಬಹಳ ದಿನ ನನಗೆ ಗೊತ್ತಿರಲಿಲ್ಲ. ಸೈಟಿನಲ್ಲಿ ಕೆಲಸ ಮಾಡುವಾಗ ಸರ್ವೆ ಚೈನಿನ ಉದ್ದ 33 ಅಡಿ ಅಂತ ಕಲಿತಿದ್ದೆ, ಅಷ್ಟೇ. ಉತ್ತರ ಸಿಕ್ಕಿದ್ದು ಇಂಗ್ಲೆಂಡಿನ ಹೊಲಗಳ ಬಗ್ಗೆ ಓದಲು ಶುರುಮಾಡಿದ ಮೇಲೆ. ಅಲ್ಲಿನ ಭೂಮಿ ಅಳೆಯುವ ಕೋಲು, ಅಂದರೆ 'ರಾಡ್', ಹದಿನಾರೂವರೆ ಅಡಿ. ಎರಡು ಕೋಲಿಗೆ 33 ಅಡಿ. ನಾಲ್ಕು ಕೋಲು ಅಗಲ, ನಲವತ್ತು ಕೋಲು ಉದ್ದದ ಹೊಲದ ಪಟ್ಟಿಗೆ ಅವರು 'ಎಕರೆ' ಅಂದರು. ಆ ನಲವತ್ತು ಕೋಲಿನ ಉದ್ದ ನೇಗಿಲಿನ ಒಂದು ಸಾಲಿನ ಉದ್ದ, ಅದೇ 'ಫರ್ಲಾಂಗ್'. ನಮ್ಮ ಊರುಗಳಲ್ಲಿ ಹಿರಿಯರು ಈಗಲೂ "ಇಲ್ಲಿಂದ ಎರಡು ಫರ್ಲಾಂಗು" ಅನ್ನುತ್ತಾರಲ್ಲ, ಅದೇ ಪದ. ಗುಂಟೆ ಲೆಕ್ಕದಲ್ಲಿ ಹೇಳುವುದಾದರೆ ಆ ಎಕರೆ 20 ಗುಂಟೆ ಉದ್ದ, 2 ಗುಂಟೆ ಅಗಲದ ಒಂದು ನೀಳ ಪಟ್ಟಿ.

ಆ ನೀಳ ಪಟ್ಟಿಯ ಚರಿತ್ರೆಯನ್ನು ಮೊದಲ ಬಾರಿಗೆ ದೊಡ್ಡ ಮಟ್ಟದಲ್ಲಿ ಕಟ್ಟಿಕೊಟ್ಟ ಪುಸ್ತಕ ಫ್ರೆಡರಿಕ್ ಸೀಬೋಮ್ ಅವರ 'ದಿ ಇಂಗ್ಲಿಷ್ ವಿಲೇಜ್ ಕಮ್ಯುನಿಟಿ'. ಪ್ರಕಟವಾದದ್ದು 1883ರಲ್ಲಿ. ದಾನಶಾಸನ ಓದುವವರು ಈ ಪುಸ್ತಕವನ್ನು ಯಾಕೆ ಓದಬೇಕು, ಓದುವಾಗ ಎಲ್ಲಿ ನಿಂತು ಪ್ರಶ್ನೆ ಕೇಳಬೇಕು ಅನ್ನುವುದು ಈ ಬರಹದ ವಿಷಯ. ನನ್ನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಸೀಬೋಮ್ ದಾನಪತ್ರಗಳ ಎಲ್ಲೆವಿವರಗಳಿಂದ ಅವು ಹೇಳದ ಮಾತನ್ನು ಹೇಳಿಸಿದ್ದಾರೆ. ಅವರಿಗೆ ಬೇಕಿದ್ದ ಸಾಕ್ಷ್ಯ ನಿಜವಾಗಿ ಇರುವುದು ಎಲ್ಲೆಯನ್ನೇ ಬರೆಯಲು ಆಗದೆ ಕೈಬಿಟ್ಟ ಕೆಲವೇ ಪತ್ರಗಳಲ್ಲಿ.

ಬ್ಯಾಂಕರ್ ಒಬ್ಬನ ಚರಿತ್ರೆ

ಸೀಬೋಮ್ (1833–1912) ವಿಶ್ವವಿದ್ಯಾಲಯದ ಪ್ರಾಧ್ಯಾಪಕರಲ್ಲ. ಲಂಡನ್ನಿನ ಉತ್ತರಕ್ಕಿರುವ ಹಿಚಿನ್ ಎಂಬ ಸಣ್ಣ ಪೇಟೆಯಲ್ಲಿ ಬ್ಯಾಂಕ್ ನಡೆಸುತ್ತಿದ್ದವರು. ಹಗಲು ಲೆಕ್ಕಪತ್ರ, ಉಳಿದ ಹೊತ್ತು ಹಳೆಯ ಕಾಗದ. ನನ್ನಂಥವನಿಗೆ ಈ ಕಾರಣಕ್ಕೇ ಅವರ ಮೇಲೆ ಪ್ರೀತಿ ಹುಟ್ಟಿತು ಅಂತ ಒಪ್ಪಿಕೊಳ್ಳಬೇಕು.

ಅವರು ಪುಸ್ತಕ ಆರಂಭಿಸುವುದು ತಮ್ಮ ಊರಿನ ನಕ್ಷೆಯಿಂದಲೇ. 19ನೇ ಶತಮಾನದ ಆರಂಭದ ಹಿಚಿನ್ ನಕ್ಷೆಯಲ್ಲಿ ಹೊಲಗಳು ಇನ್ನೂ ಹಳೆಯ ರೀತಿಯಲ್ಲೇ ಪಟ್ಟಿ ಪಟ್ಟಿಯಾಗಿ ಕಾಣುತ್ತವೆ. ಒಬ್ಬ ರೈತನ ಜಮೀನಿಗೆ ಬಣ್ಣ ಹಾಕಿದರೆ ಅದು ಒಂದು ಕಡೆ ಸಿಗುವುದಿಲ್ಲ. ಚೂರು ಚೂರಾಗಿ ಊರಿನ ಸುತ್ತಲೂ ಚೆಲ್ಲಿಕೊಂಡಿರುತ್ತದೆ. ಇದನ್ನು ಅವರು 'ಚಿಪ್ಪು' ಎಂದು ಕರೆದರು. ಒಳಗಿನ ಜೀವ ಹೋಗಿದೆ, ಚಿಪ್ಪು ಉಳಿದಿದೆ. ಚಿಪ್ಪು ಹಿಡಿದು ಜೀವ ಎಂಥದ್ದಿತ್ತು ಅಂತ ಹುಡುಕಬೇಕು. ಹೀಗೆ 19ನೇ ಶತಮಾನದಿಂದ 14ಕ್ಕೆ, 14ರಿಂದ 11ನೇ ಶತಮಾನದ ಡೂಮ್ಸ್‌ಡೇ ದಾಖಲೆಗೆ, ಅಲ್ಲಿಂದ ಆಂಗ್ಲೋ-ಸ್ಯಾಕ್ಸನ್ ದಾನಪತ್ರಗಳಿಗೆ, ಕೊನೆಗೆ ರೋಮನ್ ಕಾಲದ ಎಸ್ಟೇಟುಗಳಿಗೆ ಹಿಂದೆ ಹಿಂದೆ ನಡೆಯುತ್ತಾರೆ. ಗೊತ್ತಿರುವುದರಿಂದ ಗೊತ್ತಿಲ್ಲದ್ದಕ್ಕೆ ಹೋಗುವ ಈ ಹಾದಿ ಇಂಜಿನಿಯರಿಗೆ ಬಹಳ ಹಿಡಿಸುತ್ತದೆ. ಕಷ್ಟ ಇರುವುದೂ ಅಲ್ಲೇ.

ಹೊಲದ ವ್ಯವಸ್ಥೆ

ಮುಂದೆ ಹೋಗುವ ಮುನ್ನ ಈ ಹೊಲಗಳು ಹೇಗಿದ್ದವು ಅಂತ ಸ್ಪಷ್ಟ ಮಾಡಿಕೊಳ್ಳೋಣ. ಇಂಗ್ಲೆಂಡಿನ ನಡುನಾಡಿನ ಒಂದು ಮಾದರಿ ಊರಿನಲ್ಲಿ ಎರಡು ಅಥವಾ ಮೂರು ಭಾರಿ ಹೊಲಗಳು. ಒಳಗೆ ಬೇಲಿ ಇಲ್ಲ. ಮೂರು ಹೊಲದ ಊರಿನಲ್ಲಿ ಒಂದಕ್ಕೆ ಚಳಿಗಾಲದ ಗೋಧಿ, ಇನ್ನೊಂದಕ್ಕೆ ವಸಂತದ ಬಾರ್ಲಿ, ಓಟ್ಸ್ ಅಥವಾ ಕಾಳು, ಮೂರನೆಯದು ಬೀಳು. ಮುಂದಿನ ವರ್ಷ ಸರದಿ ಬದಲು. ಪ್ರತಿ ದೊಡ್ಡ ಹೊಲದೊಳಗೆ ಫರ್ಲಾಂಗ್ ಎಂಬ ಹಲವು ಕಟ್ಟುಗಳು. ಪ್ರತಿ ಕಟ್ಟಿನಲ್ಲಿ ಒಂದರ ಪಕ್ಕ ಒಂದು ಮಲಗಿದ ಪಟ್ಟಿಗಳು. ಪಟ್ಟಿಯ ತುದಿಯಲ್ಲಿ ಎತ್ತು ತಿರುಗಿಸಲು ಬಿಟ್ಟ ಜಾಗ 'ಹೆಡ್‌ಲ್ಯಾಂಡ್'. ಅಳತೆಗೆ ಸರಿಹೋಗದೆ ಮೂಲೆಯಲ್ಲಿ ಉಳಿದ ತ್ರಿಕೋನದ ತುಂಡು 'ಗೋರ್'. ಕೊಯ್ಲಾದ ಮೇಲೆ ಕೂಳೆಯಲ್ಲಿ, ಬೀಳು ಹೊಲದಲ್ಲಿ ಊರ ದನಗಳೆಲ್ಲ ಒಟ್ಟಿಗೆ ಮೇಯುತ್ತವೆ. ಹಾಗಾಗಿ ಯಾರೂ ತಮಗೆ ತೋಚಿದ ದಿನ ಬಿತ್ತುವಂತಿಲ್ಲ, ಬೇಲಿ ಹಾಕುವಂತಿಲ್ಲ. ಎಲ್ಲವನ್ನೂ ಊರ ಸಭೆಯೋ ಮ್ಯಾನರಿನ ಕೋರ್ಟೋ ತೀರ್ಮಾನಿಸಬೇಕು.

ಇದು ಬರೀ ಪುಸ್ತಕದ ಚಿತ್ರವಲ್ಲ. ನಾಟಿಂಗ್‌ಹ್ಯಾಮ್‌ಶೈರಿನ ಲ್ಯಾಕ್ಸ್‌ಟನ್ ಎಂಬ ಊರಿನಲ್ಲಿ ಮೂರು ಹೊಲದ ಪದ್ಧತಿ ಇವತ್ತಿಗೂ ಉಳಿದಿದೆ. 1635ರಲ್ಲಿ ಮಾರ್ಕ್ ಪಿಯರ್ಸ್ ಬರೆದ ಅದರ ನಕ್ಷೆಯೂ ಇದೆ. ಹಳೆಯ ಪಟ್ಟಿಗಳ ಉಬ್ಬು-ತಗ್ಗು ಹುಲ್ಲುಗಾವಲಾಗಿ ಉಳಿದ ಕಡೆಗಳಲ್ಲಿ ಆಕಾಶದಿಂದ ತೆಗೆದ ಫೋಟೋ ನೋಡಿದರೆ, ಸಾಲುಗಳು ನೇರವಾಗಿಲ್ಲ. ಕನ್ನಡಿಯಲ್ಲಿ ಕಂಡ ಇಂಗ್ಲಿಷ್ 'ಎಸ್' ಅಕ್ಷರದ ಹಾಗೆ ಮೆಲ್ಲಗೆ ಬಾಗಿವೆ. ಜೋಡಿ ಜೋಡಿ ಎತ್ತು ಕಟ್ಟಿದ ಉದ್ದನೆಯ ಬಂಡಿಯಂಥ ನೇಗಿಲನ್ನು ತುದಿಯಲ್ಲಿ ತಿರುಗಿಸಬೇಕಾದರೆ ಮೊದಲೇ ಓರೆ ಹಿಡಿಯಬೇಕು, ಅದರ ಗುರುತು ಇದು. ಎಸ್. ಆರ್. ಐರ್ 1955ರಲ್ಲಿ ಇದನ್ನು ಚೆನ್ನಾಗಿ ವಿವರಿಸಿದರು.

ಗಮನಿಸಿ: ಈ ವ್ಯವಸ್ಥೆಯಲ್ಲಿ ಹಲವು ಬೇರೆ ಬೇರೆ ಸಂಗತಿಗಳಿವೆ. ಪಟ್ಟಿ ಒಂದು. ಒಬ್ಬನ ಪಟ್ಟಿಗಳು ಚೆದುರಿರುವುದು ಇನ್ನೊಂದು. ಬೆಳೆ ಸರದಿ, ಒಟ್ಟು ಮೇವು, ಸಭೆಯ ಕಟ್ಟಳೆ ಮತ್ತೊಂದಿಷ್ಟು. ಒಂದು ಇದ್ದರೆ ಉಳಿದವೂ ಇರಲೇಬೇಕು ಅಂತೇನಿಲ್ಲ.

ಅವರ ದಾನಪತ್ರ, ನಮ್ಮ ಕಣ್ಣಿಗೆ

ಈಗ ಶಾಸನದ ವಿಷಯ. ಆಂಗ್ಲೋ-ಸ್ಯಾಕ್ಸನ್ ರಾಜರ ಭೂದಾನ ಪತ್ರ ಚರ್ಮದ ಮೇಲೆ ಬರೆದದ್ದು, ಕಲ್ಲಿನ ಮೇಲಲ್ಲ. ಆದರೆ ಅದರ ಅಂಗಾಂಗ ನೋಡಿದರೆ ನಮ್ಮ ತಾಮ್ರಪಟ ಓದುವವರಿಗೆ ಎಲ್ಲವೂ ಪರಿಚಿತ. ಮೊದಲು ದೇವರ ಸ್ತುತಿ. ಆಮೇಲೆ ಲೋಕದ ಸಂಪತ್ತು ನಿಲ್ಲುವುದಿಲ್ಲ ಅನ್ನುವ ಪೀಠಿಕೆ. ಕೊಟ್ಟವರು, ಪಡೆದವರು, ಎಷ್ಟು 'ಹೈಡ್' ಭೂಮಿ, ಯಾವ ಹೊರೆಗಳಿಂದ ಬಿಡುಗಡೆ. ದತ್ತಿಗೆ ಅಳುಪಿದವರಿಗೆ ಶಾಪ: ನಮ್ಮಲ್ಲಿ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ, ಅಲ್ಲಿ ದ್ರೋಹಿ ಜೂಡಾಸನ ಜೊತೆ ನರಕ. ಕೊನೆಗೆ ಶಿಲುಬೆಯ ಗುರುತಿನೊಂದಿಗೆ ಸಾಕ್ಷಿಗಳ ಪಟ್ಟಿ. ಹೀಗೆ ಪತ್ರದ ಮೂಲಕ ಬಂದ ಭೂಮಿಯನ್ನು 'ಬುಕ್‌ಲ್ಯಾಂಡ್' ಅನ್ನುತ್ತಿದ್ದರು. ಹಳೆಯ ಇಂಗ್ಲಿಷಿನಲ್ಲಿ 'ಬೋಕ್' ಅಂದರೆ ಪುಸ್ತಕವೂ ಹೌದು, ದಾನಪತ್ರವೂ ಹೌದು. ನಾವು 'ಶಾಸನದ ಭೂಮಿ' ಅಂದ ಹಾಗೆ.

ಇನ್ನೊಂದು ಹೋಲಿಕೆ ಮುಖ್ಯ. ಪತ್ರದ ಮೈ ಲ್ಯಾಟಿನ್, ಎಲ್ಲೆವಿವರ ಮಾತ್ರ ಹಳೆಯ ಇಂಗ್ಲಿಷ್. ನಮ್ಮ ಗಂಗರ ತಾಮ್ರಪಟಗಳಲ್ಲಿ ಪ್ರಶಸ್ತಿ ಸಂಸ್ಕೃತದಲ್ಲಿ ಸಾಗಿ, ಊರಿನ ಎಲ್ಲೆ ಬಂದಾಗ ಕನ್ನಡಕ್ಕೆ ಹೊರಳುವುದನ್ನು ನೋಡಿದವರಿಗೆ ಕಾರಣ ಹೇಳಬೇಕಾಗಿಲ್ಲ. ಹೊಗಳಿಕೆಯನ್ನು ಯಾವ ಭಾಷೆಯಲ್ಲಾದರೂ ಬರೆಯಬಹುದು. ಹಳ್ಳ, ಮರ, ಗುಂಡು, ದಾರಿಗೆ ಊರವರು ಏನು ಕರೆಯುತ್ತಾರೋ ಅದೇ ಹೆಸರು ಬೇಕು, ಇಲ್ಲದಿದ್ದರೆ ನಾಳೆ ಜಗಳದಲ್ಲಿ ಪತ್ರ ಕೆಲಸಕ್ಕೆ ಬರಲ್ಲ. ಎಲ್ಲೆ ಹೇಳುವ ಕ್ರಮವೂ ಸಾಮಾನ್ಯವಾಗಿ ಪ್ರದಕ್ಷಿಣೆಯೇ: ಒಂದು ಗುರುತಿನಿಂದ ಹೊರಟು, ಸುತ್ತಿ, ಮತ್ತೆ ಅಲ್ಲಿಗೇ ಬರುವುದು.

ಅಂಚು ಹೇಳುವುದೆಷ್ಟು?

ಈ ಎಲ್ಲೆವಿವರಗಳಲ್ಲೇ ಸೀಬೋಮ್ ತಮ್ಮ ಪುರಾವೆ ಹುಡುಕಿದರು. ಹೆಡ್‌ಲ್ಯಾಂಡ್, ಗೋರ್, ಫರ್ಲಾಂಗ್, ನೇಗಿಲ ಸಾಲು: ಹಿಚಿನ್ ನಕ್ಷೆಯಲ್ಲಿ ಕಂಡ ಪದಗಳೆಲ್ಲ 10ನೇ ಶತಮಾನದ ಪತ್ರಗಳಲ್ಲೂ ಇವೆ. ಪದ ಇದೆ, ಆದ್ದರಿಂದ ವ್ಯವಸ್ಥೆ ಇತ್ತು. ಇದು ಅವರ ವಾದದ ಸಾರ.

ಪದಗಳು ಇರುವುದು ನಿಜ. ಉದಾಹರಣೆಗೆ ಬರ್ಕ್‌ಶೈರಿನ ಹಾರ್ಡ್‌ವೆಲ್ ಎಂಬಲ್ಲಿನ ಎಲ್ಲೆ ನೇಗಿಲ ಸಾಲು ಹಿಡಿದು ಹೋಗುತ್ತದೆ, ಹೆಡ್‌ಲ್ಯಾಂಡಿನ ಹತ್ತಿರ ತಿರುಗುತ್ತದೆ, ಗೋರ್ ತುಂಡನ್ನು ಬಳಸುತ್ತದೆ. ಓದಿದರೆ ಉತ್ತ ಹೊಲದ ಅಂಚಿನಲ್ಲಿ ಯಾರೋ ನಡೆಯುತ್ತಿರುವುದು ಕಣ್ಣಿಗೆ ಕಟ್ಟುತ್ತದೆ.

ಆದರೆ ಯೋಚನೆ ಮಾಡಿ. ಎಲ್ಲೆವಿವರ ಅಂದರೆ ಒಂದು ಗೆರೆ. ಸರ್ವೆ ಭಾಷೆಯಲ್ಲಿ ಹೇಳುವುದಾದರೆ ಅದು ಟ್ರಾವರ್ಸ್. ಸುತ್ತಿನ ಗೆರೆ ಮುಚ್ಚಿಕೊಂಡರೆ ಕೆಲಸ ಮುಗಿಯಿತು. ಒಳಗೆ ಏನಿದೆ ಅಂತ ಹೇಳುವುದು ಅದರ ಕೆಲಸ ಅಲ್ಲ. ಗೆರೆಯ ಮೇಲೆ ಒಂದು ಹೆಡ್‌ಲ್ಯಾಂಡ್ ಸಿಕ್ಕಿತು ಅಂದರೆ ನಮಗೆ ತಿಳಿಯುವುದು ಇಷ್ಟೇ: ಆ ಜಾಗದಲ್ಲಿ ಉಳುಮೆ ಎಲ್ಲೆಯ ತನಕ ಬಂದಿತ್ತು, ಅಲ್ಲಿ ನೇಗಿಲು ತಿರುಗುತ್ತಿತ್ತು. ಒಬ್ಬನೇ ಒಡೆಯನ ಒಂದೇ ಹೊಲದಲ್ಲೂ ನೇಗಿಲು ತಿರುಗಲೇಬೇಕಲ್ಲ? ಆ ಹೆಡ್‌ಲ್ಯಾಂಡಿನ ಆಚೆಗಿನ ಪಟ್ಟಿಗಳು ಇಪ್ಪತ್ತು ಜನರವೋ ಒಬ್ಬನವೋ, ಅಲ್ಲಿ ಸರದಿ ಇತ್ತೋ ಇಲ್ಲವೋ, ಕೂಳೆಯಲ್ಲಿ ಯಾರ ದನ ಮೇಯುತ್ತಿತ್ತೋ, ಗೆರೆ ಒಂದನ್ನೂ ಹೇಳುವುದಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಒಂದು ದತ್ತಿಗೆ ಸುತ್ತು ಎಲ್ಲೆ ಬರೆಯಲು ಸಾಧ್ಯವಾಯಿತು ಅಂದರೆ ಆ ಭೂಮಿ ಒಂದೇ ತುಂಡಾಗಿತ್ತು ಅಂತ ಅರ್ಥ. ಇಡೀ ಊರನ್ನೇ ಕೊಟ್ಟಿದ್ದರೆ ಒಳಗೆ ಪಟ್ಟಿಗಳು ಚೆದುರಿದ್ದಿರಬಹುದು, ಇಲ್ಲದೆಯೂ ಇರಬಹುದು. ಆದರೆ ದತ್ತಿ ಪಡೆದವನ ಭೂಮಿ ಬೇರೆಯವರ ಭೂಮಿಯೊಂದಿಗೆ ಪಟ್ಟಿ ಪಟ್ಟಿಯಾಗಿ ಬೆರೆತಿತ್ತು ಅನ್ನುವುದಕ್ಕೆ ಸುತ್ತು ಎಲ್ಲೆ ಸಾಕ್ಷ್ಯ ಆಗಲಾರದು. ಅದಕ್ಕೆ ವಿರುದ್ಧ ದಿಕ್ಕಿನ ಸಾಕ್ಷ್ಯ ಅದು.

ಎಲ್ಲೆ ಇಲ್ಲ ಅಂದ ಮೂರು ಪತ್ರಗಳು

ಹಾಗಾದರೆ ಬೆರೆತ ಪಟ್ಟಿಗಳಿಗೆ ಪುರಾವೆ ಹೇಗಿರಬೇಕು? ನಾನೇ ಆ ಕಾಲದ ಬರಹಗಾರ ಅಂದುಕೊಳ್ಳಿ. ರಾಜ ಒಂದು ಊರಿನಲ್ಲಿ ಕೆಲವು ಹೈಡ್ ಭೂಮಿ ಕೊಟ್ಟಿದ್ದಾನೆ. ಆ ಭೂಮಿ ನೂರಾರು ಪಟ್ಟಿಗಳಾಗಿ ಬೇರೆಯವರ ಪಟ್ಟಿಗಳ ನಡುವೆ ಬಿದ್ದಿದೆ. ನಾನು ಎಲ್ಲಿಂದ ಹೊರಟು ಎಲ್ಲಿಗೆ ಸುತ್ತಲಿ? ಬರೆಯಲು ಆಗುವುದಿಲ್ಲ. ಬರೆಯಲು ಆಗುವುದಿಲ್ಲ ಅಂತಲೇ ಬರೆಯಬೇಕಾಗುತ್ತದೆ.

ಅಂಥ ಪತ್ರಗಳು ಇವೆ. ಎಡ್ಗರ್ ರಾಜನ ಕಾಲದ (959–975) ಮೂರನ್ನು ಮಾತ್ರ ಹೇಳುತ್ತೇನೆ. 961ರ ಆರ್ಡಿಂಗ್ಟನ್ ದತ್ತಿ, ಕೊಟ್ಟ ಭೂಮಿ ಹಂಚಿಕೆಯ ಬೇರೆ ಭೂಮಿಗಳ ನಡುವೆ ಇದೆ, ಬಯಲ ಮೇವು, ಹುಲ್ಲುಗಾವಲು, ಉಳುವ ನೆಲ ಮೂರೂ ಸಾಮಾನ್ಯ ಎನ್ನುತ್ತದೆ. 962ರ ಹೆಂಡ್ರೆಡ್ ದತ್ತಿ ಎಲ್ಲೆಗಳೇ ಸಾಮಾನ್ಯ, ಎಕರೆಗಳು ಒಂದರ ಮಗ್ಗುಲಿಗೆ ಒಂದು ಬೆರೆತುಕೊಂಡಿವೆ ಎಂಬರ್ಥದ ಮಾತು ಹೇಳುತ್ತದೆ. ಇವೆರಡೂ ಬರ್ಕ್‌ಶೈರಿನವು, ಊರುಗಳು ನೆರೆಹೊರೆ. 963ರ ವಿಲ್ಟ್‌ಶೈರಿನ ಏವನ್ ದತ್ತಿಯಲ್ಲಿ ಬಿಡಿ ಬಿಡಿ ಎಕರೆಗಳು ಸಾಮಾನ್ಯ ನೆಲದಲ್ಲಿ ಅಲ್ಲೊಂದು ಇಲ್ಲೊಂದು ಚೆದುರಿವೆ ಎಂದಿದೆ.

ಮೂರು ವರ್ಷ, ಮೂರು ಪತ್ರ. ನನಗೆ ಇವು ನೂರು ಹೆಡ್‌ಲ್ಯಾಂಡ್‌ಗಳಿಗಿಂತ ತೂಕದವು. ಇಲ್ಲಿ ಬರಹಗಾರ ತನ್ನ ರೂಢಿಯ ನಮೂನೆಯನ್ನು ಬಿಟ್ಟಿದ್ದಾನೆ. ದಾನಪತ್ರ ಬರೆಯುವವರು ನಮೂನೆ ಬಿಡುವುದು ಸುಲಭಕ್ಕಲ್ಲ, ಇದು ನಮಗೆಲ್ಲ ಗೊತ್ತು. ನೆಲದ ಸ್ಥಿತಿ ನಮೂನೆಗೆ ಹೊಂದಲಿಲ್ಲ, ಹಾಗಾಗಿ ಬಿಟ್ಟ.

ಇವುಗಳ ಮಿತಿಯನ್ನೂ ಹೇಳಬೇಕು. ಆಂಗ್ಲೋ-ಸ್ಯಾಕ್ಸನ್ ದಾನಪತ್ರಗಳಲ್ಲಿ ಬಹಳಷ್ಟು ನಮಗೆ ಸಿಕ್ಕಿರುವುದು ಮೂಲ ರೂಪದಲ್ಲಿ ಅಲ್ಲ, ಮಠಗಳು ಮುಂದಿನ ಶತಮಾನಗಳಲ್ಲಿ ತಮ್ಮ ಕಡತಗಳಿಗೆ ಮಾಡಿಕೊಂಡ ನಕಲುಗಳಲ್ಲಿ. ಆಸ್ತಿ ಉಳಿಸಿಕೊಳ್ಳುವ ಮಠ ನಕಲು ಮಾಡುವಾಗ ತಿದ್ದಿರಬಹುದೇ ಅನ್ನುವ ಪ್ರಶ್ನೆ ನಮ್ಮ ಕೂಟಶಾಸನಗಳಷ್ಟೇ ಅಲ್ಲೂ ಜೀವಂತ. ಆದರೆ ಎಲ್ಲೆ ಸ್ಪಷ್ಟ ಇಲ್ಲ ಅಂತ ಸುಳ್ಳು ಸೇರಿಸಿ ಮಠಕ್ಕೆ ಲಾಭ ಏನು? ತಿದ್ದುವವನು ಎಲ್ಲೆ ಸೇರಿಸುತ್ತಾನೆ, ಅಳಿಸುವುದಿಲ್ಲ. ಇನ್ನು ಈ ಪತ್ರಗಳಿಂದ ಮೂರು ಹೊಲದ ಸರದಿ ಸಿದ್ಧವಾಗುವುದಿಲ್ಲ. ಇಡೀ ಇಂಗ್ಲೆಂಡ್ ಹೀಗಿತ್ತು ಅಂತಲೂ ಆಗುವುದಿಲ್ಲ. 10ನೇ ಶತಮಾನದ ನಡುವೆ ದಕ್ಷಿಣದ ಕೆಲವು ಊರುಗಳಲ್ಲಿ ಪಟ್ಟಿಗಳು ಬೆರೆತಿದ್ದವು, ಮೇವು ಒಟ್ಟಿಗಿತ್ತು. ಅಷ್ಟು ಗಟ್ಟಿ.

ಇನೆಯ ಬೇಲಿ

ಸೀಬೋಮ್ ಇನ್ನೂ ಹಿಂದಕ್ಕೆ, 7ನೇ ಶತಮಾನಕ್ಕೆ ಹೋಗಲು ಹಿಡಿದ ಊರುಗೋಲು ವೆಸೆಕ್ಸ್‌ನ ರಾಜ ಇನೆಯ ಕಟ್ಟಳೆ. ಅದರ 42ನೇ ಕಲಮಿನ ತಾತ್ಪರ್ಯ ಹೀಗೆ: ರೈತರಿಗೆ ಸಾಮಾನ್ಯ ಹುಲ್ಲುಗಾವಲೋ ಹಂಚಿಕೆಯ ಭೂಮಿಯೋ ಬೇಲಿ ಹಾಕಲು ಇದ್ದು, ಕೆಲವರು ತಮ್ಮ ಪಾಲಿನ ಬೇಲಿ ಹಾಕಿ ಕೆಲವರು ಹಾಕದೆ ದನ ನುಗ್ಗಿ ಬೆಳೆ ತಿಂದರೆ, ಬೇಲಿ ಬಿಟ್ಟವರು ಉಳಿದವರಿಗೆ ನಷ್ಟ ಕಟ್ಟಿಕೊಡಬೇಕು.

ಬಹಳ ಬೆಲೆಬಾಳುವ ಸಾಕ್ಷ್ಯ. ಒಂದೇ ಆವರಣದೊಳಗೆ ಹಲವರ ಪಾಲು, ಸುತ್ತ ಒಂದೇ ಬೇಲಿ, ಬೇಲಿಯ ಹೊಣೆ ತುಂಡು ತುಂಡಾಗಿ ಹಂಚಿದ್ದು. ಇಷ್ಟು ಸ್ಪಷ್ಟ. ಆದರೆ ಒಬ್ಬನಿಗೆ ಆ ಆವರಣದಲ್ಲಿ ಒಂದೇ ಪಾಲಿತ್ತೋ ಇಪ್ಪತ್ತು ಚೂರಿತ್ತೋ ಕಲಮು ಹೇಳುವುದಿಲ್ಲ. ಬೀಳು ಬಿಡುವ ಮಾತಿಲ್ಲ, ಸರದಿಯ ಮಾತಿಲ್ಲ. ಜೊತೆಗೆ ಇನೆಯ ಕಟ್ಟಳೆ ನಮಗೆ ಉಳಿದಿರುವುದು ಸುಮಾರು ಇನ್ನೂರು ವರ್ಷ ಆದಮೇಲೆ ಆಲ್‌ಫ್ರೆಡ್ ರಾಜ ತನ್ನ ಕಟ್ಟಳೆಗೆ ಅದನ್ನು ಅನುಬಂಧವಾಗಿ ಸೇರಿಸಿದ್ದರಿಂದ. ಸೀಬೋಮ್ ಹಿಚಿನ್ ನಕ್ಷೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಕಲಮು ಓದಿದರು. ಕಲಮಿನ ಖಾಲಿ ಜಾಗಗಳಲ್ಲೆಲ್ಲ ನಕ್ಷೆ ತಾನಾಗೇ ತುಂಬಿಕೊಂಡಿತು.

ಲೆಕ್ಕ ಸರಿಹೋಗುವ ಸುಖ

ಇಂಜಿನಿಯರಾಗಿ ನನಗೆ ಹೆಚ್ಚು ಮುಜುಗರ ತಂದ ಭಾಗ ಇದು, ಯಾಕೆಂದರೆ ಮೊದಲ ಓದಿನಲ್ಲಿ ನಾನೂ ಇದಕ್ಕೇ ಮರುಳಾಗಿದ್ದೆ. ಒಂದು ಪೂರ್ಣ ನೇಗಿಲಿಗೆ 8 ಎತ್ತು. ಒಂದು ಹೈಡ್ ಅಂದರೆ 120 ಎಕರೆ. ಹೈಡ್‌ನ ಕಾಲು ಭಾಗ ಒಂದು 'ಯಾರ್ಡ್‌ಲ್ಯಾಂಡ್', 30 ಎಕರೆ. ಆಳುಗಳ ಹಕ್ಕು-ಹೊಣೆ ಹೇಳುವ ಒಂದು ಹಳೆಯ ದಾಖಲೆಯ ಪ್ರಕಾರ 'ಗೆಬೂರ್' ಎಂಬ ಒಕ್ಕಲು ಒಂದು ಯಾರ್ಡ್‌ಲ್ಯಾಂಡಿಗೆ ಬಂದಾಗ ಒಡೆಯ ಅವನಿಗೆ 2 ಎತ್ತು, 1 ಹಸು, 6 ಕುರಿ, ಬಿತ್ತಿದ 7 ಎಕರೆ ಕೊಡಬೇಕು. ನಾಲ್ಕು ಒಕ್ಕಲು, ಎಂಟು ಎತ್ತು, ಒಂದು ಹೈಡ್. ಎಷ್ಟು ಚೆನ್ನಾಗಿ ಕೂಡಿಬಂತು ನೋಡಿ! ಎತ್ತು ಕೂಡಿಸಿ ಉತ್ತವರು ಸರದಿಯಲ್ಲಿ ಪಟ್ಟಿ ಹಂಚಿಕೊಂಡರು, ಅದಕ್ಕೇ ಪಟ್ಟಿ ಚೆದುರಿತು ಎಂಬುದು ಸೀಬೋಮ್ ತೀರ್ಮಾನ. ಇದಕ್ಕೆ ವೇಲ್ಸ್‌ನ ಹಳೆಯ ಕಟ್ಟಳೆಗಳ ಬೆಂಬಲವೂ ಸಿಕ್ಕಿತು. ಅವುಗಳಲ್ಲಿ ಕೂಡು ಉಳುಮೆಯ ಮೊದಲ ಪಟ್ಟಿ ನೇಗಿಲು ಹಿಡಿದವನಿಗೆ, ಮುಂದಿನದು ಕಬ್ಬಿಣ ಕೊಟ್ಟವನಿಗೆ, ಆಮೇಲೆ ಎತ್ತು ಕೊಟ್ಟವರಿಗೆ ಕ್ರಮವಾಗಿ.

ಅಳತೆಗಳು ಇಷ್ಟು ಸಲೀಸಾಗಿ ಕೂಡಿಬಂದರೆ ಸೈಟಿನಲ್ಲಿ ನಾವು ಮೊದಲು ಕೇಳುವ ಪ್ರಶ್ನೆ, ಇದು ನಿಜವಾಗಿ ಅಳೆದದ್ದೋ ಡ್ರಾಯಿಂಗಿನಿಂದ ಎತ್ತಿ ಬರೆದದ್ದೋ ಅಂತ. ಸೀಬೋಮ್ ನಂತರ ಹನ್ನೆರಡು ವರ್ಷಕ್ಕೆ, 1895ರಲ್ಲಿ, ಜೆ. ಎಚ್. ರೌಂಡ್ ಡೂಮ್ಸ್‌ಡೇ ದಾಖಲೆಯಲ್ಲಿ ಊರುಗಳಿಗೆ ಹೈಡ್‌ಗಳನ್ನು ಐದು, ಹತ್ತು ಹೀಗೆ ಸುತ್ತು ಸಂಖ್ಯೆಗಳಲ್ಲಿ ಹಾಕಿರುವುದನ್ನು ತೋರಿಸಿದರು. 1897ರಲ್ಲಿ ಎಫ್. ಡಬ್ಲ್ಯು. ಮೇಟ್‌ಲೆಂಡ್ ಇದನ್ನು ಇನ್ನಷ್ಟು ಆಳವಾಗಿ ಕೆದಕಿದರು. ಡೂಮ್ಸ್‌ಡೇಯ ಹೈಡ್ ಬಹುಮಟ್ಟಿಗೆ ಕಂದಾಯದ ಲೆಕ್ಕ. ಮೇಲಿನಿಂದ ಕೆಳಕ್ಕೆ ಹಂಚಿ ಹಾಕಿದ್ದು. ಹಾಗಿರುವಾಗ ಅದನ್ನು ನೇರವಾಗಿ ನೇಗಿಲಿನ ಲೆಕ್ಕ ಅಂತ ಹಿಡಿದರೆ ಕಂದಾಯದ ಕಡತವನ್ನೇ ಹೊಲ ಅಂದುಕೊಂಡ ಹಾಗೆ.

ಥರ್ಸ್ಕ್ ಬಂದ ಮೇಲೆ

1964ರಲ್ಲಿ ಜೋನ್ ಥರ್ಸ್ಕ್ 'ಪಾಸ್ಟ್ ಅಂಡ್ ಪ್ರೆಸೆಂಟ್' ಪತ್ರಿಕೆಯಲ್ಲಿ ಬರೆದ ಲೇಖನ ಈ ಕಟ್ಟಡದ ಬುಡವನ್ನೇ ಅಲುಗಿಸಿತು. ಅವರು ವ್ಯವಸ್ಥೆಯನ್ನು ನಾಲ್ಕಾಗಿ ಬಿಡಿಸಿದರು: ಪಟ್ಟಿಗಳಾಗಿ ಹಂಚಿದ ಹೊಲ-ಹುಲ್ಲುಗಾವಲು, ಕೂಳೆ ಮತ್ತು ಬೀಳಿನಲ್ಲಿ ಒಟ್ಟು ಮೇವು, ಊರಾಚೆಯ ಬಂಜರಿನ ಮೇಲೆ ಒಟ್ಟು ಹಕ್ಕು, ಇವನ್ನೆಲ್ಲ ನಡೆಸುವ ಸಭೆ. ನಾಲ್ಕೂ ಒಟ್ಟಿಗೆ ಇದ್ದದ್ದಕ್ಕೆ 12ನೇ ಶತಮಾನಕ್ಕೆ ಮುಂಚೆ ಪುರಾವೆ ಇಲ್ಲ ಅಂದರು. ಜನ ಹೆಚ್ಚಿದಂತೆ, ಮಕ್ಕಳಿಗೆ ಪಾಲಾದಂತೆ, ಕಾಡು ಕಡಿದು ಹೊಲ ಸೇರಿಸಿದಂತೆ ಪಟ್ಟಿಗಳು ನಿಧಾನವಾಗಿ ಚೆದುರಿದವು ಅನ್ನುವುದು ಅವರ ವಿವರಣೆ.

ಬಿಡಿಸಿ ನೋಡುವ ಈ ಕ್ರಮ ನನಗೆ ಪೂರ್ತಿ ಒಪ್ಪಿಗೆ. ಕಾಲನಿರ್ಣಯದಲ್ಲಿ ಮಾತ್ರ ಅವರು ಸೀಬೋಮ್ ಬಿದ್ದ ಹಳ್ಳದ ಎದುರು ದಂಡೆಯಲ್ಲಿ ಜಾರಿದರು ಅನ್ನಿಸುತ್ತದೆ. ಊರ ಕಟ್ಟಳೆಗಳು ನಮಗೆ ಸಿಗುವುದು ಮ್ಯಾನರ್ ಕೋರ್ಟುಗಳ ಕಡತಗಳಲ್ಲಿ. ಅಂಥ ಕಡತಗಳು ಉಳಿದಿರುವುದೇ 13ನೇ ಶತಮಾನದ ಮಧ್ಯದಿಂದ ಈಚೆಗೆ. ಬರೆದಿಡುವ ರೂಢಿ ಇಲ್ಲದ ಕಾಲದಲ್ಲಿ ಬರಹದ ಪುರಾವೆ ಇಲ್ಲ ಅಂದರೆ ಸಂಗತಿಯೇ ಇರಲಿಲ್ಲ ಅಂತ ಆಗುವುದಿಲ್ಲ. ಜೆ. ಝಡ್. ಟಿಟೋವ್ ಮರುವರ್ಷವೇ ಅದೇ ಪತ್ರಿಕೆಯಲ್ಲಿ ಥರ್ಸ್ಕ್ ವಾದಕ್ಕೆ ಆಕ್ಷೇಪ ಎತ್ತಿದರು. ಆಮೇಲೆ ಡೇವಿಡ್ ಹಾಲ್ ನಾರ್ಥಾಂಪ್ಟನ್‌ಶೈರಿನ ಉತ್ತ ಹೊಲಗಳಲ್ಲಿ ವರ್ಷಗಟ್ಟಲೆ ನಡೆದು ಮಡಕೆ ಚೂರು ಆರಿಸಿದರು. ಮಧ್ಯಯುಗದ ಪಟ್ಟಿ ಹೊಲಗಳ ಅಡಿಯಲ್ಲೇ ಸ್ಯಾಕ್ಸನ್ ಕಾಲದ ಮೊದಲ ಘಟ್ಟದ ಮನೆ-ಬಿಡಾರಗಳ ಕುರುಹು ಸಿಕ್ಕಿತು. ಅಂದರೆ ಆ ವಸತಿಗಳು ಬಿಟ್ಟುಹೋದ ಮೇಲೆ ಅವುಗಳ ಮೇಲೆ ಹೊಲ ಹಾಸಿದ್ದಾರೆ, ಅದೂ ಹಲವು ಕಡೆ ಬಹಳ ಉದ್ದದ ಪಟ್ಟಿಗಳಲ್ಲಿ, ಯೋಜನೆ ಹಾಕಿ ಗೆರೆ ಎಳೆದ ಹಾಗೆ. ಪತ್ರ ಹೇಳಲಾರದ್ದನ್ನು ಇಲ್ಲಿ ಮಣ್ಣು ಹೇಳಿತು. ಇದು ಸೀಬೋಮ್ ಹೇಳಿದಷ್ಟು ಹಳತೂ ಅಲ್ಲ, ಥರ್ಸ್ಕ್ ಹೇಳಿದಷ್ಟು ಹೊಸತೂ ಅಲ್ಲ.

ನಮಗೇನು?

ಇಂಗ್ಲೆಂಡಿನ ಹೊಲದ ಜಗಳ ನಮಗೆ ಯಾಕೆ ಅಂತ ಕೇಳಬಹುದು. ಈ ಜಗಳದಲ್ಲಿ ನಮ್ಮ ಊರುಗಳೂ ಸಾಕ್ಷಿಕಟ್ಟೆಗೆ ಬಂದಿದ್ದವು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ಚರಿತ್ರೆಯಲ್ಲಿ ಹನ್ನೆರಡು ಆಯಗಾರರ ಹಳ್ಳಿಯನ್ನು ಒಂದು ಪುಟ್ಟ ಗಣರಾಜ್ಯದಂತೆ ಬಣ್ಣಿಸಿದ್ದರು. ಆ ಚಿತ್ರ ಮಾರ್ಕ್ಸ್ ತನಕ ಹೋಯಿತು. ಕಲ್ಕತ್ತೆಯಲ್ಲಿ ವೈಸರಾಯ್ ಸಭೆಯ ಕಾನೂನು ಸದಸ್ಯರಾಗಿದ್ದ ಹೆನ್ರಿ ಮೇಯ್ನ್ 1871ರಲ್ಲಿ ಪೂರ್ವ-ಪಶ್ಚಿಮದ ಗ್ರಾಮ ಸಮುದಾಯಗಳ ಮೇಲಿನ ಪುಸ್ತಕದಲ್ಲಿ ಭಾರತದ ಹಳ್ಳಿಯನ್ನೂ ಇಂಗ್ಲೆಂಡಿನ ಪಟ್ಟಿ ಹೊಲವನ್ನೂ ಒಂದೇ ಬೇರಿನ ಎರಡು ಚಿಗುರು ಅಂತ ಕಂಡರು. ಅವರ ಪಾಲಿಗೆ ಅದು ಸ್ವತಂತ್ರರ ಸಮುದಾಯ. ಸೀಬೋಮ್ ಪುಸ್ತಕ ಬಂದದ್ದು ಇದಕ್ಕೆ ಎದುರಾಗಿ: ಸಮನಾದ ಪಾಲು ಸ್ವಾತಂತ್ರ್ಯದ ಗುರುತಲ್ಲ, ಒಡೆಯನ ಕೈಕೆಳಗಿನ ಜೀತದ ಗುರುತು ಅಂದರು. 1896ರಲ್ಲಿ ಬೇಡನ್-ಪೊವೆಲ್ 'ದಿ ಇಂಡಿಯನ್ ವಿಲೇಜ್ ಕಮ್ಯುನಿಟಿ' ಬರೆದು, ಭಾರತದ ಹಳ್ಳಿಗಳೆಲ್ಲ ಒಂದೇ ಬಗೆಯವಲ್ಲ, ದಕ್ಷಿಣದ ರೈತವಾರಿ ಹಳ್ಳಿಗಳಲ್ಲಿ ಒಕ್ಕಲುಗಳ ಹಿಡುವಳಿ ಬೇರೆ ಬೇರೆಯಾಗಿಯೇ ಇತ್ತು ಅಂತ ತೋರಿಸಬೇಕಾಯಿತು.

ಹೀಗೆ ಎರಡೂ ಕಡೆ ಆದದ್ದು ಒಂದೇ. ಈಚಿನ ಒಂದು ಹಳ್ಳಿಯ ಚಿತ್ರವನ್ನು ಎತ್ತಿಕೊಂಡು ಸಾವಿರ ವರ್ಷದ ಹಿಂದಿನ ದಾನಪತ್ರದೊಳಗೆ ಕೂರಿಸಿದರು. ನಾನೂ ಇದನ್ನು ಮಾಡಿದ್ದೇನೆ. ಹಿಂದೊಮ್ಮೆ ಒಂದು ದಾನಶಾಸನದ ಚತುಸ್ಸೀಮೆಯನ್ನು ಕಂಪ್ಯೂಟರಿನಲ್ಲಿ ನಕ್ಷೆಗೆ ಇಳಿಸಿದೆ. ಮೂಡಲ ಕೆರೆ, ತೆಂಕಲ ಹಳ್ಳ, ನಟ್ಟ ಕಲ್ಲುಗಳು ಎಲ್ಲ ಸಿಕ್ಕವು. ಒಳಗಿನ ಜಾಗ ಖಾಲಿ ಕಾಣುತ್ತಿತ್ತು, ಅದಕ್ಕೆ ಈಗಿನ ಗದ್ದೆಗಳ ಬದುಗಳನ್ನೇ ಎಳೆದು "12ನೇ ಶತಮಾನದ ಗದ್ದೆ ವಿಂಗಡಣೆ" ಅಂತ ಹೆಸರು ಕೊಟ್ಟು ಗೆಳೆಯರಿಗೆ ಕಳಿಸಿದೆ. ಒಬ್ಬ ಹಿರಿಯರು ಫೋನ್ ಮಾಡಿ, "ಶಾಸನದಲ್ಲಿ ಈ ಬದು ಎಲ್ಲಿದೆಯಪ್ಪಾ?" ಅಂತ ಒಂದೇ ಪ್ರಶ್ನೆ ಕೇಳಿದರು. ಇರಲಿಲ್ಲ. ಶಾಸನ ಕೊಟ್ಟದ್ದು ಇಂತಿಷ್ಟು ಮತ್ತರು ಮತ್ತು ಸುತ್ತಿನ ಗೆರೆ. ಬದುಗಳನ್ನು ಕೊಟ್ಟವನು ನಾನು. ನಕ್ಷೆ ಅಳಿಸಿದೆ. ಆ ಫೋನ್ ಬಾರದೆ ಇದ್ದಿದ್ದರೆ ಸೀಬೋಮ್ ಅವರ ತಪ್ಪು ನನ್ನ ಕಣ್ಣಿಗೆ ಬೀಳುತ್ತಿತ್ತೋ ಇಲ್ಲವೋ.

ಇಷ್ಟು ತಕರಾರು ಎತ್ತಿದ ಮೇಲೂ ಪುಸ್ತಕ ಓದಿ ಅಂತಲೇ ಹೇಳುತ್ತೇನೆ. ಹಿಚಿನ್‌ನ ಮೊದಲ ಅಧ್ಯಾಯ ಮತ್ತು ಅದರ ನಕ್ಷೆಗಳಿಗೆ ಸಾಟಿ ಇಲ್ಲ. ಹೊಲವನ್ನೇ ಒಂದು ದಾಖಲೆಯಾಗಿ ಓದಬಹುದು ಅಂತ ಕಲಿಸಿದವರಲ್ಲಿ ಅವರು ಮೊದಲಿಗರು. ದಾನಪತ್ರಗಳ ಅಧ್ಯಾಯಕ್ಕೆ ಬಂದಾಗ ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಳ್ಳಿ. ಪತ್ರ ಹೇಳಿದ್ದು ಎಡಗಡೆ, ನಕ್ಷೆಯಿಂದ ಬಂದದ್ದು ಬಲಗಡೆ ಬರೆಯುತ್ತಾ ಹೋಗಿ. ನಾನು ಹಾಗೆ ಮಾಡಿದಾಗ ಬಲಗಡೆ ಬೇಗ ತುಂಬಿತು. ಈಗ ಶಾಸನಗಳ ಎಲ್ಲೆವಿವರ ಓದುವಾಗಲೂ ಅದೇ ಹಾಳೆ ಇಟ್ಟುಕೊಳ್ಳುತ್ತೇನೆ. "ಸೀಮೆ ಹೇಳಿಲ್ಲ" ಅನ್ನುವ ಶಾಸನ ಸಿಕ್ಕರೆ, ಮೊದಲಿನ ಹಾಗೆ ಅಪೂರ್ಣ ಅಂತ ಗುರುತು ಹಾಕಿ ಮುಂದೆ ಹೋಗುವುದಿಲ್ಲ. ಯಾಕೆ ಹೇಳಲಿಲ್ಲ ಅಂತ ಅಲ್ಲೇ ಸ್ವಲ್ಪ ನಿಲ್ಲುತ್ತೇನೆ.